ಪಡಸಾಲೆಗೆ ಬಂದ ಜಗಜ್ಜಾಲ

ಗೋಡೆಯ ಮೊಳೆಗೆ ತೂಗುಹಾಕಿದ ಪುಟ್ಟ ಪೆಟ್ಟಿಗೆಯೊಂದು ಮನೆಯನ್ನು ಪ್ರಪಂಚಕ್ಕೆ ಜೋಡಿಸುವುದು ಹೇಗೆ? ಆ ಪೆಟ್ಟಿಗೆಯಲ್ಲಿ ಅಡಗಿರುವ ಅಂಕಿಗಳಿಗೂ ಪ್ರಜೆಯ ಹಕ್ಕಿಗೂ ಏನು ಸಂಬಂಧ? ಆಳಂದದ ಆರು ಸಾವಿರ ಅರ್ಜಿಗಳು ಈ ಪ್ರಶ್ನೆಯನ್ನು ದೇಶದ ಮುಂದಿಟ್ಟಿವೆ.

ಕಲಬುರಗಿಯಿಂದ ವಾಯವ್ಯಕ್ಕೆ ಸುಮಾರು 40 ಕಿಲೋಮೀಟರು ದೂರದಲ್ಲಿ, ಮಹಾರಾಷ್ಟ್ರದ ಗಡಿಗೆ ಸಮೀಪವಾಗಿರುವ ತಾಲ್ಲೂಕು ಕೇಂದ್ರ ಆಳಂದ. ಸುತ್ತಲೂ ಎರೆಯ ಹೊಲಗಳು, ತೊಗರಿಯ ಬೆಳೆ. ಊರಿನಲ್ಲಿರುವ ಲಾಡ್ಲೆ ಮಶಾಯಕರ ದರ್ಗಾಕ್ಕೆ ಹಿಂದೂ ಮುಸಲ್ಮಾನರೆಂಬ ಭೇದವಿಲ್ಲದೆ ಜನ ಬರುತ್ತಾರೆ. ಇದೇ ತಾಲ್ಲೂಕಿನ ಕಡಗಂಚಿಯಲ್ಲಿ, 2009ರಲ್ಲಿ ಸ್ಥಾಪಿತವಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ ನೆಲೆಸಿದೆ. ತನ್ನ ಪಾಡಿಗೆ ತಾನಿದ್ದ ಈ ಊರಿನ ಹೆಸರು 2025ರ ಸೆಪ್ಟೆಂಬರಿನಲ್ಲಿ ದೇಶದ ಪತ್ರಿಕೆಗಳಲ್ಲೆಲ್ಲ ದಪ್ಪಕ್ಷರಗಳಲ್ಲಿ ಅಚ್ಚಾಯಿತು. ಬರಗಾಲದ ಸುದ್ದಿಯೂ ಅಲ್ಲ, ತೊಗರಿಯ ಧಾರಣೆಯ ಸುದ್ದಿಯೂ ಅಲ್ಲ. ಅದು ಅಂತರ್ಜಾಲದ ಸುದ್ದಿ.

2023ರ ಮೇ ತಿಂಗಳಿನಲ್ಲಿ ನಡೆದ ವಿಧಾನಸಭಾ ಚುನಾವಣೆಗೆ ಮುನ್ನ, ಆಳಂದ ಕ್ಷೇತ್ರದ ಮತದಾರರ ಪಟ್ಟಿಯಿಂದ ಹೆಸರುಗಳನ್ನು ತೆಗೆದುಹಾಕಬೇಕೆಂದು ಕೋರಿ ಅಂತರ್ಜಾಲದ ಮೂಲಕ 6,018 ಅರ್ಜಿಗಳು ಬಂದಿದ್ದವು. ಅಧಿಕಾರಿಗಳು ಪರಿಶೀಲಿಸಿದಾಗ ಅವುಗಳಲ್ಲಿ ಸರಿಯಾದವೆಂದು ಕಂಡುಬಂದುದು ಕೇವಲ 24. ಮಿಕ್ಕ 5,994 ಅರ್ಜಿಗಳಿಗೆ ಆಧಾರವೇ ಇರಲಿಲ್ಲ.

ಹಾಗಾದರೆ ಅವುಗಳನ್ನು ಕಳುಹಿಸಿದವರು ಯಾರು? ಕಾಗದದ ಅರ್ಜಿಯಾಗಿದ್ದರೆ ಕೈಬರಹವಿರುತ್ತಿತ್ತು, ಸಹಿಯಿರುತ್ತಿತ್ತು, ಹೆಬ್ಬೆಟ್ಟಿನ ಗುರುತಾದರೂ ಇರುತ್ತಿತ್ತು. ಅಂತರ್ಜಾಲದ ಅರ್ಜಿಗೆ ಉಳಿಯುವ ಗುರುತೆಂದರೆ ಕೆಲವು ಅಂಕಿಗಳು ಮಾತ್ರ. ಆ ಅಂಕಿಗಳು ಪೊಲೀಸರ ಕಡತದಲ್ಲಿಯೂ ಇವೆ. ಪ್ರತಿಯೊಬ್ಬ ಗೃಹಸ್ಥನ ಪಡಸಾಲೆಯ ಗೋಡೆಯ ಮೇಲೆ ಮಿಣುಕುವ ಪೆಟ್ಟಿಗೆಯಲ್ಲಿಯೂ ಇವೆ. ಅವುಗಳ ಅರ್ಥ ತಿಳಿಯಬೇಕಾದರೆ ಮನೆಗೆ ಅಂತರ್ಜಾಲ ಬರುವ ದಾರಿಯನ್ನು ಒಮ್ಮೆ ನಡೆದು ನೋಡಬೇಕು.

ತುಂಡಾಗಿ ಹೊರಡುವ ಟಪಾಲು

ಹಿಂದಿನ ಕಾಲದ ಟ್ರಂಕ್ ಕಾಲ್ ಹಿರಿಯರಿಗೆ ನೆನಪಿರಬಹುದು. ಆಳಂದದಿಂದ ಬೆಂಗಳೂರಿಗೆ ಮಾತನಾಡಬೇಕಾದರೆ, ಆ ತುದಿಯಿಂದ ಈ ತುದಿಯವರೆಗೆ ಒಂದು ತಂತಿಯ ದಾರಿಯನ್ನು ಇಬ್ಬರಿಗಾಗಿಯೇ ಕಾದಿರಿಸಬೇಕಾಗುತ್ತಿತ್ತು. ಇಬ್ಬರೂ ಸುಮ್ಮನೆ ಉಸಿರು ಬಿಡುತ್ತ ನಿಂತಿದ್ದರೂ ಆ ದಾರಿಯಲ್ಲಿ ಮತ್ತೊಬ್ಬರಿಗೆ ಎಡೆಯಿರುತ್ತಿರಲಿಲ್ಲ.

ಅಂತರ್ಜಾಲದ ನೀತಿಯೇ ಬೇರೆ. ಅದು ಟಪಾಲಿನ ನೀತಿ. ಹೇಳಬೇಕಾದುದನ್ನೆಲ್ಲ ಸಣ್ಣ ಸಣ್ಣ ತುಂಡುಗಳಾಗಿ ಕತ್ತರಿಸಿ, ಪ್ರತಿಯೊಂದು ತುಂಡನ್ನೂ ಒಂದು ಲಕೋಟೆಯಲ್ಲಿಟ್ಟು, ಲಕೋಟೆಯ ಮೇಲೆ ಕಳುಹಿಸುವವನ ವಿಳಾಸ, ಪಡೆಯುವವನ ವಿಳಾಸ ಹಾಗೂ ಕ್ರಮಸಂಖ್ಯೆಯನ್ನು ಬರೆದು ಬಿಟ್ಟುಬಿಡುತ್ತಾರೆ. ಒಂದೊಂದು ಲಕೋಟೆ ಒಂದೊಂದು ದಾರಿ ಹಿಡಿದರೂ ಬಾಧಕವಿಲ್ಲ. ತಲಪಬೇಕಾದಲ್ಲಿ ಅವುಗಳನ್ನು ಕ್ರಮಸಂಖ್ಯೆಯ ಪ್ರಕಾರ ಜೋಡಿಸಿಕೊಳ್ಳುತ್ತಾರೆ. ನಡುವೆ ಒಂದು ಕಳೆದುಹೋದರೆ ಅದೊಂದನ್ನು ಮಾತ್ರ ಮತ್ತೆ ತರಿಸಿಕೊಂಡರಾಯಿತು. ಈ ಲಕೋಟೆಗೆ ಪ್ಯಾಕೆಟ್ ಎಂದು ಹೆಸರು. ಮನೆಯ ಜಾಲದಲ್ಲಿ ಒಂದು ಪ್ಯಾಕೆಟ್ಟು ಸಾಮಾನ್ಯವಾಗಿ 1,500 ಬೈಟುಗಳನ್ನು ಮೀರುವುದಿಲ್ಲ. ಕನ್ನಡದ ಒಂದೊಂದು ಲಿಪಿಚಿಹ್ನೆಗೂ 3 ಬೈಟುಗಳಷ್ಟು ಸ್ಥಳ ಬೇಕಾಗುವುದರಿಂದ, ಒಂದು ಲಕೋಟೆಯಲ್ಲಿ 500 ಚಿಹ್ನೆಗಳೂ ಹಿಡಿಯಲಾರವು. ಮನೆಯವರು ಒಂದು ಚಲನಚಿತ್ರವನ್ನು ನೋಡಿ ಮುಗಿಸುವಷ್ಟರಲ್ಲಿ ಇಂತಹ ಲಕ್ಷಗಟ್ಟಲೆ ಲಕೋಟೆಗಳು ಬಂದು ಜೋಡಣೆಗೊಂಡಿರುತ್ತವೆ.

ಅಮೆರಿಕೆಯ ಪಾಲ್ ಬಾರನ್ ಮತ್ತು ಇಂಗ್ಲೆಂಡಿನ ಡೊನಾಲ್ಡ್ ಡೇವಿಸ್ ಎಂಬ ಇಬ್ಬರು ವಿಜ್ಞಾನಿಗಳು 1960ರ ದಶಕದಲ್ಲಿ ಪರಸ್ಪರ ಅರಿವಿಲ್ಲದೆಯೇ ಈ ಉಪಾಯವನ್ನು ಕಂಡುಕೊಂಡರು. ಯುದ್ಧದಲ್ಲಿ ಕೆಲವು ಕೇಂದ್ರಗಳು ನಾಶವಾದರೂ ಸುದ್ದಿಸಂಪರ್ಕ ತಪ್ಪಬಾರದೆಂಬುದು ಬಾರನ್ನರ ಚಿಂತೆಯಾಗಿತ್ತು. 1969ರ ಅಕ್ಟೋಬರ್ 29ರಂದು ಲಾಸ್ ಏಂಜಲಿಸಿನ ವಿಶ್ವವಿದ್ಯಾಲಯದ ಗಣಕದಿಂದ ಸ್ಟ್ಯಾನ್‌ಫರ್ಡಿನ ಸಂಶೋಧನಾ ಸಂಸ್ಥೆಯ ಗಣಕಕ್ಕೆ ಮೊದಲ ಸಂದೇಶ ಹೊರಟಿತು. ನಡುವಣ ದೂರ ಸುಮಾರು 350 ಮೈಲಿ. ಹೆಚ್ಚುಕಡಿಮೆ ಕಲಬುರಗಿಯಿಂದ ಬೆಂಗಳೂರಿಗಿರುವಷ್ಟು. 'ಲಾಗಿನ್' ಎಂಬ ಶಬ್ದವನ್ನು ಕಳುಹಿಸಬೇಕೆಂದಿದ್ದವರು ಮೊದಲೆರಡು ಅಕ್ಷರಗಳನ್ನು ಕಳುಹಿಸುವಷ್ಟರಲ್ಲಿ ಆಚೆಯ ಯಂತ್ರ ಕುಸಿಯಿತು! ಹುಟ್ಟಿದ ಕ್ಷಣದಿಂದಲೇ ಸಂಪರ್ಕ ಕಡಿದುಹೋಗುವ ಗುಣ ಈ ಶಿಶುವಿಗೆ ಅಂಟಿಕೊಂಡು ಬಂದಿತೆನ್ನಬೇಕು.

ವಿಂಟ್ ಸರ್ಫ್ ಮತ್ತು ರಾಬರ್ಟ್ ಕಾನ್ ಎಂಬವರು ಬೇರೆ ಬೇರೆ ಜಾಲಗಳು ಒಂದೇ ಭಾಷೆಯಲ್ಲಿ ವ್ಯವಹರಿಸುವುದಕ್ಕೆ ಬೇಕಾದ ನಿಯಮಗಳನ್ನು 1974ರಲ್ಲಿ ಪ್ರಕಟಿಸಿದರು. 1983ರ ಜನವರಿ 1ರಿಂದ ಆ ಮೊದಲ ಜಾಲ ಇವೇ ನಿಯಮಗಳನ್ನು ಅಂಗೀಕರಿಸಿತು. ಭಾರತದಲ್ಲಿ ಸಾರ್ವಜನಿಕರಿಗೆ ಅಂತರ್ಜಾಲ ದೊರೆತುದು 1995ರ ಆಗಸ್ಟ್ 15ರಂದು, ವಿದೇಶ ಸಂಚಾರ ನಿಗಮದ ಮೂಲಕ. ಅಂದು ಮಹಾನಗರಗಳಲ್ಲಿ ಆರಂಭವಾದ ಸೇವೆ ಹಳ್ಳಿಯ ಓಣಿಯನ್ನು ಹೊಗಬೇಕಾದರೆ ವರ್ಷಗಟ್ಟಲೆ ಹಿಡಿಯಿತು.

ಮನೆಬಾಗಿಲಿಗೆ ನಾಲ್ಕು ದಾರಿಗಳು

ಮನೆಗೆ ಜಾಲ ಬಂದ ದಾರಿಗಳು ನಾಲ್ಕು. ಮೊದಲನೆಯದು ದೂರವಾಣಿಯ ತಾಮ್ರದ ತಂತಿಯ ಮೇಲೆ ಕೀರಲು ದನಿ ಹೊರಡಿಸುತ್ತಿದ್ದ ಮೋಡೆಮ್. ಅದರ ಪರಮಾವಧಿ ವೇಗ ಸೆಕೆಂಡಿಗೆ 56 ಸಾವಿರ ಬಿಟ್. ಮನೆಯವರು ಅಂತರ್ಜಾಲದಲ್ಲಿದ್ದಷ್ಟು ಹೊತ್ತು ಫೋನು 'ಎಂಗೇಜ್'. ಹೊರಗಿನವರ ಕರೆಗೆ ಎಡೆಯಿಲ್ಲ.

ಎರಡನೆಯದು ಅದೇ ತಾಮ್ರದ ತಂತಿಯನ್ನು ಜಾಣತನದಿಂದ ಬಳಸಿಕೊಂಡ ಬ್ರಾಡ್‌ಬ್ಯಾಂಡ್. ಮನುಷ್ಯನ ಮಾತಿಗೆ ತಂತಿಯ ಕೆಳಗಿನ ಆವರ್ತನಗಳಷ್ಟೇ ಸಾಕು, ಮೇಲಿನವು ಬರಿದಾಗಿರುತ್ತವೆ. ಆ ಬರಿದಾದ ಭಾಗದಲ್ಲಿ ಪ್ಯಾಕೆಟ್ಟುಗಳನ್ನು ಹರಿಸಿದರೆ ಮಾತು ಮತ್ತು ಜಾಲ ಎರಡೂ ಏಕಕಾಲಕ್ಕೆ ನಡೆಯುತ್ತವೆ. ಭಾರತ ಸಂಚಾರ ನಿಗಮವು 2005ರ ಜನವರಿಯಲ್ಲಿ ಈ ಸೇವೆಯನ್ನು ಆರಂಭಿಸಿತು. 2004ರ ರಾಷ್ಟ್ರೀಯ ನೀತಿಯ ಪ್ರಕಾರ ಬ್ರಾಡ್‌ಬ್ಯಾಂಡ್ ಎನಿಸಿಕೊಳ್ಳಲು ಸೆಕೆಂಡಿಗೆ 256 ಕಿಲೋಬಿಟ್ ವೇಗವಿದ್ದರೆ ಸಾಕಾಗಿತ್ತು. 2023ರಲ್ಲಿ ಆ ಕನಿಷ್ಠ ಮಿತಿಯನ್ನು 2 ಮೆಗಾಬಿಟ್ಟಿಗೆ ಏರಿಸಲಾಯಿತು. ತಾಮ್ರಕ್ಕೆ ಒಂದು ದೊಡ್ಡ ದೋಷವುಂಟು. ದೂರವಾಣಿ ಕೇಂದ್ರದಿಂದ ಮನೆ ದೂರವಾದಷ್ಟೂ ವೇಗ ಸೊರಗುತ್ತದೆ. ಐದಾರು ಕಿಲೋಮೀಟರು ದಾಟಿದ ತೋಟದ ಮನೆಗೆ ಆ ಸೇವೆ ಬಹುಮಟ್ಟಿಗೆ ನಿರುಪಯೋಗಿ.

ಮೂರನೆಯದು ಗಾಳಿಯ ದಾರಿ, ಎಂದರೆ ಮೊಬೈಲು. ದೇಶದ ಬಹುಪಾಲು ಜನ ಅಂತರ್ಜಾಲವನ್ನು ಕಂಡಿರುವುದು ಈ ಮಾರ್ಗದಿಂದಲೇ. ಇದರಲ್ಲಿ ತಂತಿಯ ತಾಪತ್ರಯವಿಲ್ಲ. ಆದರೆ ಒಂದು ಗೋಪುರದ ಸಾಮರ್ಥ್ಯವನ್ನು ಅದರ ವ್ಯಾಪ್ತಿಯಲ್ಲಿರುವವರೆಲ್ಲ ಹಂಚಿಕೊಳ್ಳಬೇಕು. ಸಂಜೆ ಎಂಟರ ಹೊತ್ತಿಗೆ ಊರೆಲ್ಲ ಒಟ್ಟಿಗೆ ಚಿತ್ರ ನೋಡಲು ಕುಳಿತಾಗ, ಜಾತ್ರೆಯ ದಿನ ಒಂದೇ ಬಾವಿಗೆ ಕೊಡ ಹಿಡಿದವರ ಪಾಡು ಎಲ್ಲರದೂ ಆಗುತ್ತದೆ.

ನಾಲ್ಕನೆಯದು, ಎಲ್ಲಕ್ಕಿಂತ ಶ್ರೇಷ್ಠವಾದುದು, ಗಾಜಿನ ಎಳೆ. ಕೂದಲಿನಷ್ಟು ತೆಳ್ಳಗಿನ ಶುದ್ಧ ಗಾಜಿನ ಎಳೆಯೊಳಗೆ ಬೆಳಕಿನ ಮಿಣುಕುಗಳ ರೂಪದಲ್ಲಿ ಸಂದೇಶ ಹರಿಯುತ್ತದೆ. ಗಾಜಿನಲ್ಲಿ ಬೆಳಕಿನ ವೇಗ ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರು. 600 ಕಿಲೋಮೀಟರು ಉದ್ದದ ಎಳೆಯಾದರೆ, ಒಂದು ತುದಿಯಿಂದ ಇನ್ನೊಂದು ತುದಿ ಮುಟ್ಟಲು ಸೆಕೆಂಡಿನ ಸಾವಿರ ಪಾಲಿನಲ್ಲಿ ಮೂರು ಪಾಲು ಸಾಕು. ಊರಿನ ಕೇಂದ್ರದಿಂದ ಹೊರಟ ಒಂದು ಎಳೆಯ ಬೆಳಕನ್ನು ಕಂಬದ ಮೇಲಿನ ಡಬ್ಬಿಯೊಂದರಲ್ಲಿ ಒಡೆದು ಹಲವು ಮನೆಗಳಿಗೆ ಹಂಚುತ್ತಾರೆ. ಆ ಡಬ್ಬಿಗೆ ವಿದ್ಯುತ್ತು ಬೇಕಿಲ್ಲವೆಂಬುದು ಅದರ ಸೊಗಸು. ಒಂದೇ ಬೆಳಕು ಎಲ್ಲರ ಮನೆಗೂ ಬಂದರೂ, ಪ್ರತಿಯೊಂದು ಮನೆಯ ಪೆಟ್ಟಿಗೆ ತನ್ನ ಹೆಸರಿನ ಲಕೋಟೆಗಳನ್ನಷ್ಟೇ ಆರಿಸಿಕೊಂಡು ಉಳಿದುದನ್ನು ಬಿಟ್ಟುಬಿಡುತ್ತದೆ.

ಸಾಲು ಮತ್ತು ಬಳೆ

ಗಾಜಿನ ಎಳೆ ಹಳ್ಳಿಗೂ ಹೋಗಬೇಕೆಂದು ಕೇಂದ್ರ ಸರ್ಕಾರ 2011ರ ಅಕ್ಟೋಬರಿನಲ್ಲಿ ಒಂದು ಮಹಾಯೋಜನೆಗೆ ಒಪ್ಪಿಗೆ ಕೊಟ್ಟಿತು. ದೇಶದ ಸುಮಾರು ಎರಡೂವರೆ ಲಕ್ಷ ಗ್ರಾಮ ಪಂಚಾಯಿತಿಗಳನ್ನು ಜೋಡಿಸುವುದು ಅದರ ಗುರಿ. ಮುಂದೆ ಅದಕ್ಕೆ ಭಾರತ್‌ನೆಟ್ ಎಂಬ ಹೆಸರು ಬಂದಿತು. ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳಂತಹ ವಿರಳ ಊರುಗಳ ಸೀಮೆಯಲ್ಲಿ ಇಂತಹ ಯೋಜನೆಯ ಬೆಲೆ ಹೆಚ್ಚು. ಪಹಣಿ, ಜಾತಿ ಮತ್ತು ಆದಾಯದ ಪ್ರಮಾಣಪತ್ರ, ಪಡಿತರದ ಅಂಗಡಿಯಲ್ಲಿ ಬೆರಳಚ್ಚಿನ ತಾಳೆ ಇವೆಲ್ಲವೂ ಈಗ ಜಾಲವನ್ನೇ ಅವಲಂಬಿಸಿವೆ. 'ಭೂಮಿ' ಯೋಜನೆಯಿಂದ ಕೈಬರಹದ ಪಹಣಿ ಹೋಗಿ ಗಣಕದ ಪಹಣಿ ಬಂದಿತು. ಕರ್ನಾಟಕದ ಕೃಷಿ ಮಾರುಕಟ್ಟೆಗಳಲ್ಲಿ ಗಣಕಜಾಲದ ಹರಾಜು 2014ರಲ್ಲಿ ಕಾಲಿಟ್ಟಿತು. ಹೀಗಿರುವಲ್ಲಿ ಎಳೆ ಕಡಿದರೆ ಕೇವಲ ಮನರಂಜನೆ ನಿಲ್ಲುವುದಿಲ್ಲ. ಪಡಿತರದ ಅಕ್ಕಿಗಾಗಿ ಬಂದ ಮುದುಕಿ ಬರಿಗೈಯಲ್ಲಿ ಹಿಂತಿರುಗಬೇಕಾಗುತ್ತದೆ.

ಎಳೆ ಕಡಿಯುವುದು ಮಾತ್ರ ಬಹು ಸುಲಭ. ರಸ್ತೆ ಅಗಲ ಮಾಡುವವರ, ನೀರಿನ ಕೊಳವೆ ಹೂಳುವವರ ಒಂದು ಅಗೆತ ಸಾಕು. ಮೊದಲು ಹಾಕಿದ ಎಳೆಗಳು ಬಹುಮಟ್ಟಿಗೆ ಸಾಲಿನ ಕ್ರಮದಲ್ಲಿದ್ದವು. ಎಂದರೆ ತಾಲ್ಲೂಕು ಕೇಂದ್ರದಿಂದ ಮೊದಲ ಹಳ್ಳಿ, ಅಲ್ಲಿಂದ ಎರಡನೆಯದು, ಅಲ್ಲಿಂದ ಮೂರನೆಯದು. ಎರಡನೆಯ ಹಳ್ಳಿಯ ಬಳಿ ಎಳೆ ಕಡಿದರೆ ಅದರಾಚೆಯ ಹಳ್ಳಿಗಳೆಲ್ಲವೂ ಒಟ್ಟಿಗೆ ಮೂಕವಾದಂತೆ. ಇದೇ ಎಳೆಯನ್ನು ಬಳೆಯಾಕಾರದಲ್ಲಿ ಸುತ್ತಿ ತಂದು ಮೊದಲಿನ ಕೇಂದ್ರಕ್ಕೇ ಜೋಡಿಸಿದರೆ, ಒಂದೆಡೆ ಕಡಿದಾಗ ಪ್ಯಾಕೆಟ್ಟುಗಳು ಇನ್ನೊಂದು ಬದಿಯಿಂದ ಸುತ್ತಿಬಳಸಿ ಬರುತ್ತವೆ. ಬಾರನ್ನರ ಹಳೆಯ ತತ್ತ್ವವೇ ಇದು. 2023ರ ಆಗಸ್ಟಿನಲ್ಲಿ 1,39,579 ಕೋಟಿ ರೂಪಾಯಿಗಳ ಅಂದಾಜಿನೊಡನೆ ಒಪ್ಪಿಗೆ ಪಡೆದ ಪರಿಷ್ಕೃತ ಯೋಜನೆಯು ಈ ಬಳೆಯ ಕ್ರಮವನ್ನೇ ಅಂಗೀಕರಿಸಿದೆ.

ಕಲ್ಲಿನ ಗೋಡೆ, ಕಾಣದ ಅಲೆ

ಇನ್ನು ಮನೆಯ ಒಳಗೆ. ಗಾಜಿನ ಎಳೆ ಬಂದು ಸೇರುವ ಪೆಟ್ಟಿಗೆಯಲ್ಲಿ ವಾಸ್ತವವಾಗಿ ಮೂರು ಕೆಲಸಗಳು ನಡೆಯುತ್ತವೆ. ಬೆಳಕನ್ನು ವಿದ್ಯುತ್ತಿನ ಸಂಕೇತವಾಗಿ ಮಾರ್ಪಡಿಸುವುದು ಮೊದಲನೆಯದು. ಯಾವ ಲಕೋಟೆ ಮನೆಯ ಯಾವ ಉಪಕರಣಕ್ಕೆ ಹೋಗಬೇಕೆಂದು ವಿಂಗಡಿಸುವುದು ಎರಡನೆಯದು; ಇದು ರೌಟರಿನ ಕೆಲಸ. ವಿಂಗಡಿಸಿದುದನ್ನು ತಂತಿಯಿಲ್ಲದೆ ಬಿತ್ತರಿಸುವುದು ಮೂರನೆಯದು. ಇದಕ್ಕೆ ವೈಫೈ ಎನ್ನುತ್ತಾರೆ. ಅನೇಕರು ವೈಫೈಯನ್ನೇ ಅಂತರ್ಜಾಲವೆಂದು ತಿಳಿದಿರುತ್ತಾರೆ. ಅದು ಸರಿಯಲ್ಲ. ಊರಿಗೆ ನೀರು ಬರುವುದು ಒಂದು ಸಂಗತಿ. ಅಡುಗೆಮನೆಯ ನಲ್ಲಿಯಲ್ಲಿ ನೀರು ಬರುವುದು ಮತ್ತೊಂದು. ಕೊಳವೆ ಒಡೆದಿರುವುದು ಮನೆಯೊಳಗೋ ಹೊರಗೋ ಎಂಬುದನ್ನು ತಿಳಿದರೆ ಅರ್ಧ ರಿಪೇರಿ ಆದಂತೆ.

ಅದನ್ನು ತಿಳಿಯುವ ಬಗೆಯೂ ಕಷ್ಟದ್ದಲ್ಲ. ಮನೆಯ ಒಂದು ಮೊಬೈಲಿನಲ್ಲಿ ಮಾತ್ರ ಜಾಲ ನಿಂತು ಉಳಿದವುಗಳಲ್ಲಿ ನಡೆಯುತ್ತಿದ್ದರೆ ದೋಷ ಆ ಮೊಬೈಲಿನದು. ಎಲ್ಲದರಲ್ಲಿಯೂ ನಿಂತು, ಪೆಟ್ಟಿಗೆಯ ಮೇಲೆ 'ಎಲ್‌ಓಎಸ್' ಎಂಬ ಕೆಂಪು ದೀಪ ಮಿಣುಕುತ್ತಿದ್ದರೆ ಹೊರಗಿನಿಂದ ಬೆಳಕೇ ಬರುತ್ತಿಲ್ಲವೆಂದು ಅರ್ಥ. ಪೆಟ್ಟಿಗೆಯನ್ನು ಎಷ್ಟು ಸಲ ಆರಿಸಿ ಹೊತ್ತಿಸಿದರೂ ಪ್ರಯೋಜನವಿಲ್ಲ, ಲೈನ್‌ಮನ್ನನಿಗೇ ಹೇಳಿಕಳುಹಿಸಬೇಕು. ಕೆಂಪು ದೀಪವಿಲ್ಲದೆಯೂ ಜಾಲ ಬಾರದಿದ್ದರೆ ಒಮ್ಮೆ ಆರಿಸಿ ಹೊತ್ತಿಸುವುದು ಯುಕ್ತ. ಆಗಲೂ ಬಾರದಿದ್ದರೆ ಸೇವಾದಾರರ ಕಡೆಯ ತೊಡಕಿರಬಹುದು.

ಕಲಬುರಗಿ ಸೀಮೆಯ ಹಳೆಯ ಮನೆಗಳದು ಒಂದು ವಿಶೇಷ ಸಮಸ್ಯೆ. ಮೊಳಗಟ್ಟಲೆ ದಪ್ಪದ ಕಲ್ಲುಮಣ್ಣಿನ ಗೋಡೆಗಳು ಬಿರುಬೇಸಗೆಯಲ್ಲಿಯೂ ಒಳಗನ್ನು ತಂಪಾಗಿಡುತ್ತವೆ. ಬಿಸಿಲನ್ನು ತಡೆಯುವ ಅದೇ ಗೋಡೆ ವೈಫೈಯ ಅಲೆಗಳನ್ನೂ ತಡೆಯುತ್ತದೆ. ವೈಫೈಯಲ್ಲಿ ಸಾಮಾನ್ಯವಾಗಿ ಎರಡು ಬಗೆಯ ಅಲೆಗಳುಂಟು. 2.4 ಗಿಗಾಹರ್ಟ್ಸಿನ ಅಲೆ ನಿಧಾನವಾದರೂ ಗೋಡೆಗಳನ್ನು ತಕ್ಕಮಟ್ಟಿಗೆ ದಾಟಬಲ್ಲುದು. 5 ಗಿಗಾಹರ್ಟ್ಸಿನದು ವೇಗವಾಗಿದ್ದರೂ ಒಂದು ಗೋಡೆಗೇ ದಣಿಯುತ್ತದೆ. ಆದುದರಿಂದ ಪೆಟ್ಟಿಗೆಯನ್ನು ಕಬ್ಬಿಣದ ಕಪಾಟಿನ ಹಿಂದೆಯೋ, ನೀರಿನ ಡ್ರಮ್ಮಿನ ಪಕ್ಕದಲ್ಲಿಯೋ, ಮೂಲೆಯ ಗೂಡಿನಲ್ಲಿಯೋ ಇಡುವುದು ದೀಪವನ್ನು ಮೊರದಡಿ ಇಟ್ಟಂತೆ. ಮನೆಯ ನಡುಭಾಗದಲ್ಲಿ, ಆಳೆತ್ತರದಲ್ಲಿ, ಬಾಗಿಲುಗಳಿಗೆ ಎದುರಾಗಿ ಇಡುವುದು ಲೇಸು. ಹಿತ್ತಲಿನ ಕೋಣೆಗೆ ಅಲೆ ಮುಟ್ಟದಿದ್ದರೆ ಅಲ್ಲಿಗೊಂದು ತಂತಿಯನ್ನು ಎಳೆದು ಇನ್ನೊಂದು ಪೆಟ್ಟಿಗೆಯನ್ನಿಡುವುದೇ ನಂಬಿಕೆಯ ದಾರಿ.

ಮತ್ತೊಂದು ಮಾತು. ಹಳೆಯ ಕಪ್ಪು ದೂರವಾಣಿ ಕರೆಂಟು ಹೋದಾಗಲೂ ಮಾತನಾಡುತ್ತಿತ್ತು. ಏಕೆಂದರೆ ಅದಕ್ಕೆ ಬೇಕಾದ ವಿದ್ಯುತ್ತು ಕೇಂದ್ರದ ಬ್ಯಾಟರಿಯಿಂದ ತಾಮ್ರದ ತಂತಿಯಲ್ಲಿಯೇ ಬರುತ್ತಿತ್ತು. ಗಾಜಿನ ಎಳೆಯಲ್ಲಿ ಬೆಳಕು ಬರುತ್ತದೆಯೇ ಹೊರತು ವಿದ್ಯುತ್ತು ಬರುವುದಿಲ್ಲ. ಮನೆಯ ಕರೆಂಟು ಹೋದೊಡನೆ ಪೆಟ್ಟಿಗೆಯೂ ಮಲಗುತ್ತದೆ. ರೌಟರಿಗೆಂದೇ ದೊರೆಯುವ ಪುಟ್ಟ ಬ್ಯಾಟರಿಯೊಂದು ಇದ್ದರೆ ಪರೀಕ್ಷೆಗೆ ಓದುವ ಮಕ್ಕಳಿಗೆ ತೊಂದರೆ ತಪ್ಪುತ್ತದೆ.

ವೇಗದ ಲೆಕ್ಕದಲ್ಲಿಯೂ ಅನೇಕರು ಮೋಸಹೋದೆವೆಂದು ಭ್ರಮಿಸುವುದುಂಟು. ಕಂಪನಿಗಳು ವೇಗವನ್ನು ಬಿಟ್ಟುಗಳಲ್ಲಿ ಹೇಳುತ್ತವೆ. ಕಡತಗಳ ಗಾತ್ರವನ್ನು ಬೈಟುಗಳಲ್ಲಿ ಅಳೆಯುತ್ತಾರೆ. ಒಂದು ಬೈಟಿಗೆ 8 ಬಿಟ್ಟುಗಳು. ಆದುದರಿಂದ ಸೆಕೆಂಡಿಗೆ 40 ಮೆಗಾಬಿಟ್ಟೆಂದರೆ 5 ಮೆಗಾಬೈಟು ಮಾತ್ರ. ಅಡತಿ ಅಂಗಡಿಯಲ್ಲಿ ಕ್ವಿಂಟಲಿಗೂ ಚೀಲಕ್ಕೂ ಇರುವ ವ್ಯತ್ಯಾಸವನ್ನು ಅರಿತ ರೈತನಿಗೆ ಈ ಲೆಕ್ಕ ಕಷ್ಟವಾಗಲಾರದು.

ಅಗಸೆಯ ಕಾವಲುಗಾರ

ಉತ್ತರ ಕರ್ನಾಟಕದ ಹಳೆಯ ಊರುಗಳಿಗೆ ಅಗಸೆಯ ಬಾಗಿಲಿರುತ್ತಿತ್ತು. ಒಳಗೆ ಎಷ್ಟೇ ಓಣಿಗಳಿದ್ದರೂ ಹೊರಗಿನವನಿಗೆ ಕಾಣುತ್ತಿದ್ದುದು ಅಗಸೆಯೊಂದೇ. ಮನೆಯ ರೌಟರು ಅಂತಹ ಅಗಸೆ.

ಮನೆಯೊಳಗಿನ ಪ್ರತಿಯೊಂದು ಮೊಬೈಲಿಗೂ ಗಣಕಕ್ಕೂ ರೌಟರು ಒಂದೊಂದು ಒಳವಿಳಾಸವನ್ನು ಕೊಡುತ್ತದೆ. ಇವು ಸಾಮಾನ್ಯವಾಗಿ 192.168 ಎಂದು ಮೊದಲಾಗುತ್ತವೆ. ಇದು ಓಣಿಯ ಮನೆ ನಂಬರಿದ್ದಂತೆ. ಆಳಂದದ ಮನೆಯಲ್ಲಿರುವ ಅದೇ ಅಂಕಿ ಜೇವರ್ಗಿಯ ಮನೆಯಲ್ಲಿಯೂ ಇರಬಹುದು, ಜಪಾನಿನ ಮನೆಯಲ್ಲಿಯೂ ಇರಬಹುದು. ಹೊರಜಗತ್ತಿನಲ್ಲಿ ಅದಕ್ಕೆ ಬೆಲೆಯಿಲ್ಲ. ಹೊರಗಿನವರಿಗೆ ಕಾಣುವುದು ಅಗಸೆಯ ವಿಳಾಸ; ಅದಕ್ಕೆ ಬಹಿರಂಗ ಐಪಿ ವಿಳಾಸವೆಂದು ಹೆಸರು.

ಮಗಳು ಪಾಠ ಕೇಳುತ್ತಿದ್ದಾಳೆ, ಮಗ ಆಟವಾಡುತ್ತಿದ್ದಾನೆ, ತಂದೆ ತೊಗರಿಯ ಧಾರಣೆಯನ್ನು ನೋಡುತ್ತಿದ್ದಾರೆಂದು ಭಾವಿಸೋಣ. ಮೂವರ ಲಕೋಟೆಗಳೂ ಒಂದೇ ವಿಳಾಸದಿಂದ ಹೊರಡುತ್ತವೆ. ಉತ್ತರಗಳು ಬಂದಾಗ ಯಾವುದು ಯಾರದೆಂದು ತಿಳಿಯುವುದು ಹೇಗೆ? ಇದಕ್ಕಾಗಿ ಅಗಸೆಯ ಕಾವಲುಗಾರ ಪ್ರತಿಯೊಂದು ಲಕೋಟೆಯ ಮೇಲೂ ಒಂದು ಬಿಲ್ಲೆಯ ಸಂಖ್ಯೆಯನ್ನು ಒತ್ತಿ, ತನ್ನ ವಹಿಯಲ್ಲಿ ಗುರುತು ಹಾಕಿಕೊಳ್ಳುತ್ತಾನೆ. ಈ ಸಂಖ್ಯೆಗೆ ಪೋರ್ಟ್ ಎಂದು ಹೆಸರು. 0 ಮೊದಲ್ಗೊಂಡು 65,535ರವರೆಗೆ ಇಂತಹ ಸಂಖ್ಯೆಗಳಿವೆ. ಉತ್ತರ ಅದೇ ಸಂಖ್ಯೆಯನ್ನು ಹೊತ್ತು ಬರುತ್ತದೆ. ಕಾವಲುಗಾರ ವಹಿಯನ್ನು ನೋಡಿ ಒಳಗೆ ಕಳುಹಿಸುತ್ತಾನೆ. ವಹಿಯಲ್ಲಿಲ್ಲದ ಅಪರಿಚಿತ ಲಕೋಟೆ ಬಂದರೆ ಬಾಗಿಲಲ್ಲಿಯೇ ತಡೆಯುತ್ತಾನೆ.

ಹೆಸರನ್ನು ಅಂಕಿಯಾಗಿ ಮಾರ್ಪಡಿಸುವ ಮತ್ತೊಂದು ವ್ಯವಸ್ಥೆಯೂ ಉಂಟು. ಜನ ಹೆಸರನ್ನು ನೆನಪಿಡುತ್ತಾರೆ. ಯಂತ್ರಕ್ಕೆ ಅಂಕಿ ಬೇಕು. ಇವೆರಡನ್ನು ತಾಳೆಹಾಕುವ ಲೋಕವ್ಯಾಪಿ ವಿಳಾಸಪುಸ್ತಕವನ್ನು 1983ರಲ್ಲಿ ಪಾಲ್ ಮೊಕಪೆಟ್ರಿಸ್ ರೂಪಿಸಿದರು. ಅದಿಲ್ಲದಿದ್ದರೆ ಪ್ರತಿಯೊಬ್ಬರೂ ನೂರಾರು ಅಂಕಿಗಳನ್ನು ಬಾಯಿಪಾಠ ಮಾಡಬೇಕಾಗುತ್ತಿತ್ತು.

ಇಷ್ಟೆಲ್ಲ ಒಳವಿಳಾಸಗಳ ಗೋಜು ಏಕೆಂದರೆ, ಹಳೆಯ ಪದ್ಧತಿಯ ಐಪಿ ವಿಳಾಸಗಳ ಒಟ್ಟು ಸಂಖ್ಯೆ ಸುಮಾರು 429 ಕೋಟಿ. ಆರಂಭದಲ್ಲಿ ಅಕ್ಷಯವೆನಿಸಿದ್ದ ಆ ಭಂಡಾರದ ಕೊನೆಯ ಗಂಟುಗಳನ್ನು 2011ರ ಫೆಬ್ರವರಿಯಲ್ಲಿ ಪ್ರಪಂಚದ ಐದು ವಲಯ ಸಂಸ್ಥೆಗಳಿಗೆ ಹಂಚಿ ಮುಗಿಸಲಾಯಿತು. ಎಣಿಕೆಗೆ ಸಿಗದಷ್ಟು ವಿಶಾಲವಾದ ಹೊಸ ಪದ್ಧತಿ ಬಂದಿದ್ದರೂ ಹಳೆಯದು ಹೋಗಿಲ್ಲ. ಆದುದರಿಂದ ಸೇವಾದಾರ ಕಂಪನಿಗಳು ಮನೆಯ ಅಗಸೆಗಳಾಚೆ ತಮ್ಮದೊಂದು ಹಿರಿಯ ಅಗಸೆಯನ್ನು ಕಟ್ಟಿ, ಒಂದೇ ಬಹಿರಂಗ ವಿಳಾಸವನ್ನು ನೂರಾರು ಗ್ರಾಹಕರಿಗೆ ಹಂಚುತ್ತವೆ. ಆಳಂದದ ಪ್ರಕರಣದ ಗಂಟು ಬಿಗಿದಿರುವುದು ಇಲ್ಲಿಯೇ.

ಆರು ಸಾವಿರ ಅರ್ಜಿಗಳ ಜಾಡು

ಮತದಾರರ ಪಟ್ಟಿಯಿಂದ ಹೆಸರು ತೆಗೆಯಬೇಕೆಂದು ಕೋರುವ ಅರ್ಜಿಗೆ ನಮೂನೆ 7 ಎನ್ನುತ್ತಾರೆ. ಸತ್ತವರ, ಊರು ಬಿಟ್ಟವರ ಹೆಸರು ಪಟ್ಟಿಯಲ್ಲಿ ಉಳಿಯಬಾರದೆಂಬುದಕ್ಕಾಗಿ ಇರುವ ವ್ಯವಸ್ಥೆಯಿದು. ಅದೇ ಕ್ಷೇತ್ರದ ಮತದಾರರು ಅದನ್ನು ಸಲ್ಲಿಸಬೇಕು. ಆಳಂದದಲ್ಲಿ ಅರ್ಜಿದಾರರೆಂದು ಹೆಸರು ನಮೂದಾಗಿದ್ದ ಹಲವರು ತಮಗೆ ಅದರ ಸುಳಿವೇ ಇಲ್ಲವೆಂದರು. ಯಾರ ಹೆಸರನ್ನು ತೆಗೆಯಬೇಕೆಂದಿತ್ತೋ ಅವರೂ ತಮ್ಮ ಮನೆಗಳಲ್ಲಿಯೇ ಇದ್ದರು. ಸ್ಥಳ ಪರಿಶೀಲನೆ ನಡೆದುದರಿಂದ ಆಧಾರವಿಲ್ಲದ ಅರ್ಜಿಗಳು ತಿರಸ್ಕೃತವಾದವು. ಚುನಾವಣಾಧಿಕಾರಿಗಳ ದೂರಿನ ಮೇಲೆ 2023ರ ಫೆಬ್ರವರಿ 21ರಂದು ಆಳಂದ ಠಾಣೆಯಲ್ಲಿ ಪ್ರಕರಣ ದಾಖಲಾಯಿತು. ಮುಂದೆ ತನಿಖೆ ಸಿಐಡಿಯವರ ಕೈಸೇರಿತು.

ತನಿಖಾಧಿಕಾರಿಗಳಿಗೆ ಮೊಬೈಲ್ ಸಂಖ್ಯೆಗಳು, ಐಪಿ ವಿಳಾಸಗಳು, ಅರ್ಜಿ ಬಂದ ದಿನ ಮತ್ತು ವೇಳೆ ಇವೆಲ್ಲ ದೊರೆತವು. ಸಾಮಾನ್ಯರಿಗೆ ಇಷ್ಟೇ ಸಾಕೆನಿಸಬಹುದು. ವಿಳಾಸ ಸಿಕ್ಕಮೇಲೆ ಬಾಗಿಲು ತಟ್ಟುವುದಕ್ಕೇನು ಅಡ್ಡಿ? ಅಡ್ಡಿಯುಂಟು. ಆ ವಿಳಾಸ ಹಿರಿಯ ಅಗಸೆಯದಾಗಿದ್ದರೆ, ಅದೇ ನಿಮಿಷದಲ್ಲಿ ಅದರ ಹಿಂದೆ ನೂರಾರು ಗ್ರಾಹಕರಿರಬಹುದು. ಅವರಲ್ಲಿ ಒಬ್ಬ ಸಿನಿಮಾ ನೋಡುತ್ತಿದ್ದನು, ಒಬ್ಬ ಹಣ ಕಳುಹಿಸುತ್ತಿದ್ದನು, ಮತ್ತೊಬ್ಬನಷ್ಟೇ ಚುನಾವಣಾ ಆಯೋಗದ ಗಣಕದ ಕದ ತಟ್ಟಿದ್ದನು. ಆ ಮತ್ತೊಬ್ಬನನ್ನು ಬೇರ್ಪಡಿಸಬೇಕಾದರೆ ಲಕೋಟೆ ಹೊರಟ ವಿಳಾಸದೊಡನೆ ಬಿಲ್ಲೆಯ ಸಂಖ್ಯೆಯೂ ಬೇಕು, ಅದು ತಲಪಿದ ಗಣಕದ ವಿಳಾಸವೂ ಬೇಕು. ಇವೆಲ್ಲವನ್ನೂ ಸೇವಾದಾರ ಕಂಪನಿಯ ವಹಿಯೊಡನೆ ತಾಳೆ ನೋಡಿದಾಗ ಮಾತ್ರ ನಿಜವಾದ ಬಾಗಿಲು ಕಾಣುತ್ತದೆ. ಆದುದರಿಂದಲೇ ಸಿಐಡಿ ಅಧಿಕಾರಿಗಳು ತಲಪಿದ ಐಪಿ ವಿಳಾಸ ಮತ್ತು ಪೋರ್ಟುಗಳ ವಿವರ ಬೇಕೆಂದು ಆಯೋಗಕ್ಕೆ ಮತ್ತೆ ಮತ್ತೆ ಬರೆದರು. ತಂತ್ರಜ್ಞರ ಕೋಣೆಗಳಲ್ಲಿ ಮಾತ್ರ ಕೇಳಿಬರುತ್ತಿದ್ದ ಈ ಶಬ್ದಗಳು 2025ರಲ್ಲಿ ರಾಜಕೀಯ ವೇದಿಕೆಗಳ ಮೇಲೂ ಮೊಳಗಿದವು.

ಆಯೋಗದ ನಿಲುವು ಬೇರೆ. ಸಾರ್ವಜನಿಕರಾರೂ ಅಂತರ್ಜಾಲದ ಮೂಲಕವೇ ಯಾರ ಹೆಸರನ್ನೂ ಅಳಿಸಲಾರರು. ಆಳಂದದಲ್ಲಿ ನಡೆದುದು ವಿಫಲ ಯತ್ನ. ದೂರು ಕೊಟ್ಟುದು ತನ್ನ ಅಧಿಕಾರಿಯೇ. ತನ್ನಲ್ಲಿದ್ದ ಮಾಹಿತಿಯನ್ನು 2023ರ ಸೆಪ್ಟೆಂಬರಿನಲ್ಲಿಯೇ ಒಪ್ಪಿಸಿದ್ದಾಗಿದೆ ಎಂದು ಅದು ತಿಳಿಸಿತು. 2025ರ ಸೆಪ್ಟೆಂಬರ್ 20ರಂದು ರಾಜ್ಯ ಸರ್ಕಾರ ವಿಶೇಷ ತನಿಖಾ ತಂಡವನ್ನು ರಚಿಸಿತು. ಅಪರಾಧಿ ಯಾರು, ನಿರಪರಾಧಿ ಯಾರು ಎಂಬುದು ನ್ಯಾಯಾಲಯ ನಿರ್ಣಯಿಸತಕ್ಕ ಮಾತು. ಆದರೆ ಮನೆಮನೆಗೆ ಹೋಗಿ ವಿಚಾರಿಸುವ ಪದ್ಧತಿ ಇಲ್ಲದೆ, ಜಾಲವನ್ನೇ ನಂಬಿ ಹೆಸರುಗಳನ್ನು ಅಳಿಸಿದ್ದರೆ, ಸಾವಿರಾರು ಮಂದಿ ಮತಗಟ್ಟೆಯ ಬಾಗಿಲಿಗೆ ಹೋದಮೇಲೆಯೇ ತಮ್ಮ ಹಕ್ಕು ಹೋಗಿರುವುದನ್ನು ಅರಿಯಬೇಕಾಗುತ್ತಿತ್ತು. ಯಂತ್ರದ ವೇಗಕ್ಕೆ ಮನುಷ್ಯನ ಎರಡು ಕಾಲುಗಳು ಕಡಿವಾಣ ಹಾಕಿದುವೆಂಬುದು ಈ ಪ್ರಸಂಗದಲ್ಲಿ ಗಮನಿಸಬೇಕಾದ ಸಂಗತಿ.

ಗೃಹಸ್ಥನ ಎಚ್ಚರ

ಆಳಂದದ ಈ ಪಾಠ ಪ್ರತಿಯೊಂದು ಮನೆಗೂ ಅನ್ವಯಿಸುತ್ತದೆ. ವೈಫೈಗೆ ಗುಪ್ತಪದವಿಲ್ಲದಿದ್ದರೆ, ಅಥವಾ ಅದನ್ನು ಓಣಿಗೆಲ್ಲ ಹಂಚಿದ್ದರೆ, ಹೊರಗಿನ ಕಟ್ಟೆಯ ಮೇಲೆ ಕುಳಿತ ಅಪರಿಚಿತನ ಲಕೋಟೆಯೂ ಮನೆಯ ವಿಳಾಸದಿಂದಲೇ ಹೊರಡುತ್ತದೆ. ಅವನು ಮಾಡಿದ ಕಿಡಿಗೇಡಿತನದ ಜಾಡು ಹಿಡಿದು ಬಂದವರು ಮೊದಲು ತಟ್ಟುವುದು ಗೃಹಸ್ಥನ ಕದವನ್ನೇ. ಆದುದರಿಂದ ಉದ್ದವಾದ ಗುಪ್ತಪದವನ್ನಿಡಬೇಕು. ಮನೆಯವರ ಹೆಸರು, ಫೋನ್ ಸಂಖ್ಯೆಗಳನ್ನು ಗುಪ್ತಪದವಾಗಿಸಬಾರದು. ರೌಟರಿನ ಒಳಗನ್ನು ಬದಲಾಯಿಸುವುದಕ್ಕೆ ಬೇರೊಂದು ಗುಪ್ತಪದವಿರುತ್ತದೆ. ಕಾರ್ಖಾನೆಯಿಂದ ಬಂದಾಗ ಅದು ಬಹುತೇಕ ಎಲ್ಲರೂ ಊಹಿಸಬಲ್ಲ ಶಬ್ದವಾಗಿರುತ್ತದೆ. ಪೆಟ್ಟಿಗೆ ಕೂರಿಸಿದ ದಿನವೇ ಅದನ್ನು ಬದಲಾಯಿಸುವುದು ಹೊಸ ಮನೆಗೆ ಹೊಸ ಬೀಗ ಹಾಕಿದಂತೆ. ಅತಿಥಿಗಳಿಗಾಗಿ ಬೇರೆ ಜಾಲವನ್ನು ತೆರೆಯುವ ಸೌಲಭ್ಯ ಅನೇಕ ರೌಟರುಗಳಲ್ಲಿದೆ. ಅದನ್ನು ಬಳಸುವುದು ಒಳ್ಳೆಯದು.

ಮೊಬೈಲಿಗೆ ಬರುವ ಒಂದು ಬಾರಿಯ ಗುಪ್ತಸಂಖ್ಯೆ ಹೆಬ್ಬೆಟ್ಟಿಗೆ ಸಮಾನ. ಖಾಲಿ ಕಾಗದಕ್ಕೆ ಹೆಬ್ಬೆಟ್ಟು ಒತ್ತಿ ಹೊಲ ಕಳೆದುಕೊಂಡವರ ಕಥೆಗಳು ಈ ಸೀಮೆಗೆ ಹೊಸತಲ್ಲ. ಕೇಳಿದವರಿಗೆಲ್ಲ ಆ ಸಂಖ್ಯೆಯನ್ನು ಹೇಳುವುದು ಅದೇ ತಪ್ಪಿನ ಹೊಸ ರೂಪ. ಹಣ ಹೋದರೆ ತಡಮಾಡದೆ 1930ಕ್ಕೆ ಕರೆಮಾಡಬೇಕು. ಮತದಾರರ ಪಟ್ಟಿಯ ವಿಚಾರಕ್ಕೆ 1950 ಇದೆ. ಪಟ್ಟಿಯಲ್ಲಿ ಹೆಸರಿದೆಯೇ ಎಂದು ಚುನಾವಣೆಗೆ ಬಹಳ ಮುಂಚೆಯೇ ನೋಡಿಕೊಳ್ಳುವುದು, ಬಿತ್ತುವ ಮುನ್ನ ಬೀಜವನ್ನು ನೋಡಿಕೊಂಡಷ್ಟೇ ಅವಶ್ಯ.

ಮನೆಗೆ ನಲ್ಲಿ ಬಂದಾಗ ಜನ ನೀರನ್ನು ಕಾಯಿಸಿ ಕುಡಿಯುವುದನ್ನು ಕಲಿತರು. ವಿದ್ಯುತ್ತು ಬಂದಾಗ ಒದ್ದೆಗೈಯಿಂದ ಗುಂಡಿ ಮುಟ್ಟಬಾರದೆಂಬುದನ್ನು ಕಲಿತರು. ಜಾಲಕ್ಕೂ ಅಂತಹ ತಿಳಿವಳಿಕೆ ಬೇಕಾಗಿದೆ. ಅದಕ್ಕೆ ದೊಡ್ಡ ವಿದ್ಯೆಯೇನೂ ಬೇಡ. ತನ್ನ ಮನೆಯ ಅಗಸೆ ಯಾವುದು, ಅದರ ಕೀಲಿಕೈ ಯಾರ ಬಳಿಯಿದೆ, ತನ್ನ ಹೆಸರಿನಲ್ಲಿ ಹೊರಡುವ ಲಕೋಟೆಗಳು ತನ್ನವೇ ಹೌದೆ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಗೊತ್ತಿದ್ದರೆ ಸಾಕು.